ಸಮುದ್ರಕ್ಕೆ ಬಿಟ್ಟ ದೇವರ ಹೂವು

ಹೋದ ವಾರ ನಾನೊಂದು ಪುಣ್ಯದ ಕೆಲಸ ಮಾಡಿದೆ. ಅದರ ಸಂಕಟ ಇನ್ನೂ ಹೋಗಿಲ್ಲ.

ರಜೆಗೆಂದು ಕಾರವಾರಕ್ಕೆ ಹೊರಟಿದ್ದೆವು. ಹಿಂದಿನ ದಿನ ಪಕ್ಕದ ಮನೆಯ ಅಂಬುಜಮ್ಮ (ತ್ಯಾಗರಾಜನಗರದ ನಮ್ಮ ರಸ್ತೆಗೆಲ್ಲ ಶಾಸ್ತ್ರದ ವಿಷಯದಲ್ಲಿ ಅವರೇ ಹೈಕಮಾಂಡ್) ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಒಳಗೆ ತಿಂಗಳ ನಿರ್ಮಾಲ್ಯ. ದೇವರ ಮೇಲಿಂದ ತೆಗೆದ ಬಾಡಿದ ಹೂವು, ತುಳಸಿ, ಕುಂಕುಮ. ಕವರಿನ ಬಾಯಿಗೆ ಮೂರು ಗಂಟು.

“ಇಲ್ಲಿ ಬಾವಿ ಇಲ್ಲ, ಕೆರೆ ನೋಡಿದ್ರೆ ಮೋರಿ ಆಗಿದೆ. ಸಮುದ್ರಕ್ಕೆ ಬಿಟ್ಬಿಡಿ. ಗಂಟು ಮಾತ್ರ ಬಿಚ್ಬೇಡಿ, ಮೈಲಿಗೆ ಆಗುತ್ತೆ” ಅಂದರು.

ಪ್ಲಾಸ್ಟಿಕ್ ವಿರುದ್ಧ ಇದೇ ಅಂಕಣದಲ್ಲಿ ಎಷ್ಟು ಸಲ ಕೂಗಾಡಿದ್ದೇನೆ, ನಿಮಗೇ ಗೊತ್ತು. ಜಯನಗರ ನಾಲ್ಕನೇ ಬ್ಲಾಕಿಗೆ ಬಟ್ಟೆ ಚೀಲ ಹಿಡಿದು ಹೋಗುವವನು ನಾನು. ಆದರೆ ದೇವರ ಕವರೂ ಪ್ಲಾಸ್ಟಿಕ್ಕೇ ಅಂತ ಹೊಳೆಯಲೇ ಇಲ್ಲ. ನಿಮಗಾದರೂ ಹೊಳೆಯುತ್ತಿತ್ತೇ?

ಕಾರವಾರದಲ್ಲಿ ಡಾಲ್ಫಿನ್ ತೋರಿಸುವ ಬೋಟು ಹತ್ತಿದೆವು. ದಡ ದೂರವಾದ ಮೇಲೆ ಕವರನ್ನು ನೀರಿಗೆ ಬಿಟ್ಟು ಕೈ ಮುಗಿದೆ. ಸ್ವಲ್ಪ ಹೊತ್ತಿಗೆ ಆಚೆ ಎರಡು ಬೆನ್ನು ಮೇಲೆದ್ದವು. ತಾಯಿ, ಮರಿ. ಮಗಳು ಚಪ್ಪಾಳೆ ತಟ್ಟಿದಳು. ಕ್ಯಾಮೆರಾದ ರೋಲಿನಲ್ಲಿ ಉಳಿದಿದ್ದ ಮೂರು ಫೋಟೊ ಅಲ್ಲೇ ಮುಗಿಸಿದೆ.

ಬೋಟಿನವನು ಮಾತ್ರ ನನ್ನನ್ನೇ ನೋಡುತ್ತಿದ್ದ. “ಆಗ ಎಂತ ಬಿಟ್ರಿ ಸಾರ್?”

“ದೇವರ ಹೂವು.”

“ಹೋದ ವರ್ಷ ಒಂದು ಮರಿ ಸತ್ತು ದಡಕ್ಕೆ ಬಂದಿತ್ತು. ಡಾಕ್ಟ್ರು ಹೊಟ್ಟೆ ಕೊಯ್ದ್ರು. ಬರೀ ಕವರು. ಒಂದ್ರಲ್ಲಿ ಹೂವು, ಕುಂಕುಮ ಎಲ್ಲ ಇತ್ತು. ಗಂಟು ಸಹ ಬಿಚ್ಚಿರ್ಲಿಲ್ಲ ಸಾರ್.”

ಬೋಟು ತಿರುಗಿಸಪ್ಪ ಅಂದೆ. ತಿರುಗಿಸಿದ, ಪಾಪ. ಅರ್ಧ ಗಂಟೆ ಹುಡುಕಿದೆವು. ಎಲ್ಲಿ ಸಿಗಬೇಕು?

“ಆ ಮರಿ ತಿಂದ್ಬಿಡುತ್ತಾ ಅಪ್ಪಾ?” ಎಂದಳು ಮಗಳು. ಮೈಯೆಲ್ಲ ಉರಿದುಹೋಯಿತು, ನನ್ನ ಮೇಲೇ.

ಊರಿಗೆ ಬಂದರೆ ಗೇಟಿನಲ್ಲೇ ಅಂಬುಜಮ್ಮ. “ಬಿಟ್ರಾ?”

“ಬಿಟ್ಟೆ.”

“ಸದ್ಯ! ಕಸದ ತೊಟ್ಟಿಗೆ ಹಾಕಿದ್ರೆ ಯಾರಾದ್ರೂ ತುಳೀತಿದ್ರು.”

ಉಳಿದದ್ದನ್ನು ಹೇಳಲು ಬಾಯಿ ತೆರೆದೆ. ಅವರು ಪ್ರಸಾದ ತರಲು ಒಳಗೆ ಹೋಗಿಯಾಗಿತ್ತು. ಲೋಕಕ್ಕೆಲ್ಲ ಬುದ್ಧಿ ಹೇಳುವ ನಾನು ಪ್ರಸಾದ ತಿಂದು ತೆಪ್ಪಗೆ ಮನೆಗೆ ಬಂದೆ. ಎದುರಿಗೆ ಹೇಳುವ ಧೈರ್ಯವಿಲ್ಲದ್ದಕ್ಕೇ ಇಲ್ಲಿ ಬರೆಯುತ್ತಿದ್ದೇನೆ (ಅವರು ಈ ಅಂಕಣ ತಪ್ಪದೆ ಓದುತ್ತಾರೆ).

ದೇವರ ಹೂವು ಯಾರ ಕಾಲಡಿಗೂ ಬೀಳಬಾರದು, ಒಪ್ಪಿದೆ ಅಂಬುಜಮ್ಮನವರೇ. ಆ ಮರಿಯ ಹೊಟ್ಟೆಗೆ ಬೀಳಬಹುದೇ?