ಹೇಳಿ ಕೈ ಕೊಡುವ ಕೋವಿ

ಜನವರಿ ಬಂತೆಂದರೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ. ಮೊನ್ನೆ ಬೆಳಿಗ್ಗೆ ಮಗಳು ಬಾಟಲಿಯನ್ನು ತಲೆಕೆಳಗು ಮಾಡಿ, ಅಲುಗಾಡಿಸಿ, ಕೊನೆಗೆ ಬೇಜಾರಾಗಿ ನನ್ನ ಕೈಗಿಟ್ಟು, "ಮಮ್ಮಾ, ಯೇ ತೋ ಜಮ್ ಗಯಾ, ಏನ್ ಮಾಡ್ಲಿ?" ಎಂದಳು. ಗ್ರೇಟರ್ ನೋಯ್ಡಾದ ನಮ್ಮ ಫ್ಲ್ಯಾಟಿಗೆ ಮಂಜು ಕರಗಿ ಬಿಸಿಲು ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಆದರೂ ಬಾಟಲಿಯನ್ನು ಬಾಲ್ಕನಿಯಲ್ಲಿಟ್ಟು ಬಂದೆ. ಬೆರಳಿಗೆ ಅಂಟಿದ್ದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ಬೇರೆಯವರಿಗೆ ಅಜ್ಜಿಯೋ ಅಮ್ಮನೋ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಬಂದೂಕು, ಅದರ ಹಿಂದೆಯೇ ದೆಹಲಿಯ ಜನಕಪುರಿಯ ಕೆಳಗಿನ ಮನೆಯ ಮಾವ...

ಅವರು ನಮಗೆ ನೆಂಟರೇನಲ್ಲ. ಅವರು ಮಂಗಳೂರಿನ ಕಡೆಯವರು, ನಾವು ತುಮಕೂರಿನವರು. ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು, ಅವರದು ಕೆಳಗೆ ಸ್ವಂತ ಮನೆ. ಕಾಲೋನಿಯ ಮಿಕ್ಕ ಗಂಡಸರೆಲ್ಲ ನನಗೆ ಅಂಕಲ್‌ಗಳೇ. ಇವರನ್ನೂ ಹಾಗೆ ಕರೆದಾಗ ಮುಖ ಗಂಟಿಕ್ಕಿ, ಅಂಕಲ್ ಅಂದರೆ ಬಸ್ಸಿನಲ್ಲಿ ಕಾಲು ತುಳಿದವನೂ ಅಂಕಲ್ಲೇ, ಮಾವ ಅನ್ನು ಎಂದಿದ್ದರು. ಅಂದಿನಿಂದ ಅವರು ಮಾವ.

ಸರ್ಕಾರ ಕೊಳ್ಳುವ ಸಾಮಾನುಗಳನ್ನು ಪರೀಕ್ಷೆ ಮಾಡುವ ಕಚೇರಿಯೊಂದರಲ್ಲಿ ಅವರು ಅಧಿಕಾರಿಯಾಗಿದ್ದರು. ಫ್ಯಾನು, ಬೀಗ, ಸ್ಟೋವು, ಬೂಟು... ಅವರು ಬಿಚ್ಚಿ, ಬೀಳಿಸಿ, ಮುರಿದು ನೋಡದ ಸಾಮಾನಿರಲಿಲ್ಲ. ನಿವೃತ್ತರಾದ ಮೇಲೆ ಇಡೀ ಕಾಲೋನಿಯೇ ಅವರ ಕಚೇರಿಯಾಯಿತು. ಯಾರಾದರೂ ಕೂಲರ್ ಕೊಳ್ಳಲು ಹೊರಟರೆ ಕರೆಯದಿದ್ದರೂ ಜೊತೆಗೆ ಹೋಗುತ್ತಿದ್ದರು. ಇವರು ಅಂಗಡಿಯ ಮೆಟ್ಟಿಲು ಹತ್ತಿದರೆ ಅಂಗಡಿಯವನ ಮುಖ ಬಾಡುತ್ತಿತ್ತು. ಏಕೆಂದರೆ ಇದು ಒಳ್ಳೆಯದಾ ಎಂದು ಮಾವ ಕೇಳುತ್ತಲೇ ಇರಲಿಲ್ಲ. ಅವರ ಪ್ರಶ್ನೆ ಒಂದೇ. ಇದು ಕೆಟ್ಟರೆ ಹೇಗೆ ಕೆಡುತ್ತದೆ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡ ಅಂಗಡಿಯವನನ್ನು ನಾನಂತೂ ನೋಡಿಲ್ಲ.

ನಾನು ಆಗ ಕಾಲೇಜು ಮುಗಿಸಿದ್ದೆ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದು ರುಚಿ ಹತ್ತಿದವಳು ಆಮೇಲೆ ಶಾಟ್‌ಗನ್ನಿಗೆ ಬಂದಿದ್ದೆ. ಗಾಳಿಯಲ್ಲಿ ಚಿಮ್ಮಿ ಹಾರುವ ಮಣ್ಣಿನ ಬಿಲ್ಲೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಡೆದು ಪುಡಿಮಾಡುವ ಆಟ. ಅದೇನು ಹುಚ್ಚೋ, ಬಿಲ್ಲೆ ಒಡೆದು ಹೊಗೆಯಂತೆ ಚೆದುರಿದಾಗ ಆಗುವ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ನಾನು ಚೆನ್ನಾಗಿ ಹೊಡೆಯುತ್ತಿದ್ದೆ. ಈಗ ಹೇಳಿಕೊಳ್ಳಲು ಸಂಕೋಚವೇನು!

ಅಪ್ಪ ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಅವರಿಗೆ ಹೆಣ್ಣುಮಗಳ ಬಂದೂಕಿಗಿಂತ ಬ್ಯಾಂಕ್ ಪರೀಕ್ಷೆಯ ಗೈಡು ಮುಖ್ಯ. ಕೊನೆಗೊಂದು ಒಪ್ಪಂದಕ್ಕೆ ಬಂದರು. ಈ ಚಳಿಗಾಲದ ಆಯ್ಕೆ ಸ್ಪರ್ಧೆಯಲ್ಲಿ ದೆಹಲಿ ತಂಡಕ್ಕೆ ಬಂದರೆ ಮುಂದುವರಿಸು, ಬರದಿದ್ದರೆ ಆ ಮಾತು ಇನ್ನು ಮನೆಯಲ್ಲಿ ಬೇಡ ಎಂದರು. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಹಾಗಾಗಿ ನನ್ನ ಪಾಲಿಗಿದ್ದದ್ದು ಅದೊಂದೇ ಸ್ಪರ್ಧೆ.

ಅದೇ ಹೊತ್ತಿಗೆ ನಾನು ಕಲಿಯುತ್ತಿದ್ದ ಶೂಟಿಂಗ್ ಕ್ಲಬ್ಬಿನ ಕೋಚ್ ನನ್ನನ್ನು ಕರೆದು, ಕ್ಲಬ್ಬಿನಲ್ಲಿ ಎರಡು ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್‌ಗಳಿವೆ, ಒಂದನ್ನು ಆರಿಸಿಕೋ ಎಂದರು. ಒಮ್ಮೆ ಹೆಸರಿಗೆ ಬರೆಸಿದರೆ ಸ್ಪರ್ಧೆ ಮುಗಿಯುವವರೆಗೂ ಬದಲಾಯಿಸುವಂತಿಲ್ಲ. ಒಂದು ಬೆಳ್ಳಿಬಣ್ಣದ್ದು, ಒಂದು ಕರಿಯದು. ಎರಡೂ ಒಮ್ಮೆ ಹೊಡೆದ ಮೇಲೆ ಖಾಲಿ ಕಾಡತೂಸನ್ನು ತಾವೇ ಹೊರಗೆಸೆದು ಮುಂದಿನದನ್ನು ತಾವೇ ತುಂಬಿಕೊಳ್ಳುತ್ತವೆ. ಆ ಕೆಲಸವನ್ನು ಬೆಳ್ಳಿಯದು ಬಂದೂಕಿನ ಒದೆತದಿಂದ ಮಾಡಿಕೊಳ್ಳುತ್ತಿತ್ತು, ಕರಿಯದು ಮದ್ದು ಸುಟ್ಟಾಗ ಏಳುವ ಗ್ಯಾಸಿನಿಂದ. ಬೆಳ್ಳಿಯದರಲ್ಲಿ ಭಾಗಗಳು ಕಡಿಮೆ, ಮಸಿ ಕಟ್ಟುವುದಿಲ್ಲ, ನೋಡಲೂ ಚೆಂದ. ಕರಿಯದು ಒಳಗೆಲ್ಲ ಮಸಿ ಮಾಡಿಕೊಂಡು ದಿನಾ ಸ್ನಾನ ಕೇಳುವ ಜಾತಿ. ರೇಂಜಿನಲ್ಲಿದ್ದವರೆಲ್ಲ ಒಂದೇ ಬಾಯಿಂದ ಬೆಳ್ಳಿಯದನ್ನು ತಗೋ ಎಂದರು. ನನ್ನ ಮನಸ್ಸೂ ಅತ್ತಲೇ ಇತ್ತು.

ಇದನ್ನು ಮೆಟ್ಟಿಲ ಮೇಲೆ ಅಮ್ಮನಿಗೆ ಹೇಳುತ್ತಿದ್ದಾಗ ಕೆಳಗಿನ ಮನೆಯ ಬಾಗಿಲು ತೆರೆಯಿತು. ಮುಂದಿನದು ಗೊತ್ತೇ ಇದೆ. ಆ ಭಾನುವಾರ ಮಾವ ಮಫ್ಲರ್ ಸುತ್ತಿಕೊಂಡು, ಬುತ್ತಿಯ ಡಬ್ಬ ಹಿಡಿದು, ನನಗಿಂತ ಮೊದಲೇ ಬಸ್ ಸ್ಟಾಪಿನಲ್ಲಿದ್ದರು. ಬಂದೂಕಿನ ವಿಷಯ ನಿಮಗೇನು ಗೊತ್ತು ಮಾವ ಎಂದು ಕೇಳಿಯೇಬಿಟ್ಟೆ. ಏನೂ ಗೊತ್ತಿಲ್ಲ, ಬೀಗ ಮಾಡುವುದೂ ನನಗೆ ಗೊತ್ತಿರಲಿಲ್ಲ, ಆದರೆ ಎಷ್ಟು ಬೀಗ ವಾಪಸ್ ಕಳಿಸಿದ್ದೇನೆ ಕೇಳು ಎಂದರು.

ರೇಂಜ್ ದಕ್ಷಿಣ ದೆಹಲಿಯ ಅಂಚಿನಲ್ಲಿತ್ತು. ಮಾವ ಹಿಂದೆ ಸ್ಟೂಲ್ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಕೂತರು. ಬಂದೂಕನ್ನು ಮುಟ್ಟಲಿಲ್ಲ, ಮುಟ್ಟಲು ಕೇಳಲೂ ಇಲ್ಲ. ಅವರ ಮೊದಲ ಪ್ರಶ್ನೆಗೇ ಕೋಚ್ ತಬ್ಬಿಬ್ಬಾದರು. ಸ್ಪರ್ಧೆಯಲ್ಲಿ ಇವಳು ಹಾಕುವ ಕಾಡತೂಸು ಯಾವುದು? ನಾವು ಅಭ್ಯಾಸಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದೆವು. ಸ್ಪರ್ಧೆಗೆ ಮಾತ್ರ ಹಗುರ ಕಾಡತೂಸೇ ಆಗಬೇಕೆಂಬ ನಿಯಮವಿತ್ತು. ಹಾಗಾದರೆ ಪರೀಕ್ಷೆಯೂ ಅದರಲ್ಲೇ ಎಂದು ಪಟ್ಟು ಹಿಡಿದರು. ಎರಡನ್ನೂ ಒರೆಸಬಾರದು, ಎಣ್ಣೆ ಹಾಕಬಾರದು, ಕೆಡುವವರೆಗೂ ಹೊಡಿ ಎಂದರು. ಹುಡುಗರು ಹಲ್ಲು ಕಿಸಿದರು. ಮಾವ ಚಕ್ಕುಲಿ ತೆಗೆದು ಅವರಿಗೂ ಕೊಟ್ಟರು.

ಹಾಗೆ ಕೆಲವು ಭಾನುವಾರಗಳು ಕಳೆದವು. ಭಾರದ ಕಾಡತೂಸಿಗೆ ಬೆಳ್ಳಿಯದು ಗಡಿಯಾರದ ಹಾಗೆ ನಡೆಯುತ್ತಿತ್ತು. ಹಗುರದ್ದು ಹಾಕಿದರೆ ಒದೆತ ಸಾಲದೆ, ಎಲ್ಲೋ ಒಮ್ಮೆ ಖಾಲಿ ಕಾಡತೂಸು ಬಾಯಲ್ಲೇ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಎಲ್ಲೋ ಒಮ್ಮೆ, ಅಷ್ಟೆ. ಬೆಳಿಗ್ಗೆಯೆಲ್ಲ ಸರಿಯಾಗಿದ್ದು ಮಧ್ಯಾಹ್ನ ಒಮ್ಮೆ ಹಾಗಾದರೆ ಅದಕ್ಕೆ ಕಾರಣವೇ ಕಾಣುತ್ತಿರಲಿಲ್ಲ. ಕರಿಯದು ಹಗುರದ್ದಾದರೂ ಸರಿ ಭಾರದ್ದಾದರೂ ಸರಿ ನುಂಗುತ್ತಿತ್ತು. ಮಸಿ ತುಂಬಿ ತುಂಬಿ ಕೊನೆಗೆ ಅದೂ ನಿಂತಿತು, ನಿಜ. ಆದರೆ ಮಾವ ನೋಡುತ್ತಿದ್ದದ್ದು ಬಂದೂಕನ್ನಲ್ಲ, ನೆಲವನ್ನು. ಸ್ವಚ್ಛವಾಗಿದ್ದಾಗ ಕರಿಯದು ಖಾಲಿ ಕಾಡತೂಸನ್ನು ದೂರಕ್ಕೆ ಎಸೆಯುತ್ತಿತ್ತು. ಮಸಿ ಕಟ್ಟಿದಂತೆಲ್ಲ ಅವು ಹತ್ತಿರ ಹತ್ತಿರ ಬೀಳುತ್ತಾ ಬಂದು, ಕೊನೆಗೆ ನನ್ನ ಬೂಟಿನ ಪಕ್ಕದಲ್ಲೇ ಉದುರತೊಡಗಿದ್ದವು. ಆಮೇಲೆಯೇ ಅದು ನಿಂತದ್ದು.

ಮಾವ ಸ್ಟೂಲಿನಿಂದೆದ್ದು ಬಂದರು.

"ಕೈ ಕೊಡದ ಸಾಮಾನು ಅಂತ ಒಂದಿಲ್ಲ ಮಾರಾಯ್ತಿ. ಹೇಳಿ ಕೈ ಕೊಡುವುದು ಉಂಟು, ಹೇಳದೆ ಕೈ ಕೊಡುವುದು ಉಂಟು. ಹೇಳಿದರೆ ಸಿದ್ಧವಾಗಿರಬಹುದು. ನಿಂಗೆ ಯಾವುದು ಬೇಕು?"

ನನಗೆ ಇನ್ನು ಯೋಚಿಸುವುದೇನೂ ಉಳಿದಿರಲಿಲ್ಲ. ಕರಿಯದನ್ನೇ ಬರೆಸಿದೆ. ಕೋಚ್ ಹುಬ್ಬೇರಿಸಿದರು, ಉಳಿದವರು ಮೂಗು ಮುರಿದರು. ದಿನಾ ಸಂಜೆ ಬಟ್ಟೆ, ಬ್ರಷ್ಷು ಹಿಡಿದು ಮಸಿ ಉಜ್ಜುತ್ತಾ ಕೂರುತ್ತಿದ್ದ ನನಗೆ ಹುಡುಗರು ಕೋಯ್ಲೇವಾಲಿ, ಅಂದರೆ ಇದ್ದಿಲಿನವಳು, ಎಂದು ಹೆಸರಿಟ್ಟರು. ಇಡಲಿ. ನೆಲ ನೋಡುವುದನ್ನು ನಾನು ಕಲಿತುಬಿಟ್ಟಿದ್ದೆ. ಪ್ರತಿ ಸಲ ಹೊಡೆಯಲು ನಿಲ್ಲುವ ಮೊದಲು, ಕಾಡತೂಸನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟನ್ನು ಕೈಯಲ್ಲಿ ಹಿಂದಕ್ಕೆಳೆದು ಬಿಟ್ಟು, ಅದು ಮುಚ್ಚಿಕೊಳ್ಳುವ ಸದ್ದು ಕೇಳಬೇಕೆಂದೂ ಮಾವ ಕಲಿಸಿದ್ದರು. ಕಟಕ್ಕನೆ ಮುಚ್ಚಬೇಕು. ಎಳೆದಾಡಿದರೆ ಏನೋ ಇದೆ ಎಂದರ್ಥ.

ಸ್ಪರ್ಧೆಯ ಹಿಂದಿನ ದಿನ ಒಳ್ಳೆಯ ಬಿಸಿಲಿತ್ತು. ನಾನು ಬಂದೂಕನ್ನು ತಿಕ್ಕಿ ಒರೆಸಿ ಮುಗಿಸಿದಾಗ ರೇಂಜಿನ ಎಣ್ಣೆಯ ಡಬ್ಬ ಬರಿದಾಗಿತ್ತು. ಜೊತೆಗೆ ಬಂದಿದ್ದ ಮಾವ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ ಎಂದು ಚೀಲದಿಂದ ಸಣ್ಣ ಶೀಶೆ ತೆಗೆದರು. ಅವರ ಮನೆಯ ಹೊಲಿಗೆ ಯಂತ್ರ, ಬಾಗಿಲ ತಿರುಗಣಿ, ಸೊಸೆಯ ಸ್ಕೂಟಿಯ ಬೀಗ, ತಲೆ, ಮೊಣಕಾಲು, ಎಲ್ಲಕ್ಕೂ ಆ ಶೀಶೆಯೇ ಆಗಿತ್ತು. ಬೋಲ್ಟಿನ ಮೇಲೂ ಅದು ಓಡಾಡುವ ಹಳಿಯ ಮೇಲೂ ಧಾರಾಳವಾಗಿ ಹಚ್ಚಿಸಿದರು. ಬೋಲ್ಟು ಬೆಣ್ಣೆಯ ಹಾಗೆ ಜಾರಿತು. ಇಬ್ಬರೂ ಖುಷಿಯಿಂದ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು, ಹಲ್ಲು ಕಟಕಟಿಸುವ ಚಳಿ. ಮಂಜು ತೆಳುವಾದರೆ ಶುರು ಎಂದರು. ನನ್ನ ಸರದಿ ಹತ್ತಿರ ಬಂದಾಗ ಅಭ್ಯಾಸದಂತೆ ಬೋಲ್ಟ್ ಎಳೆದು ಬಿಟ್ಟೆ. ಕಟಕ್ಕೆನ್ನಲಿಲ್ಲ. ಮೆಲ್ಲಗೆ ತೆವಳಿಕೊಂಡು ಬಂದು ಪೂರ್ತಿ ಮುಚ್ಚದೆ ನಿಂತಿತು. ಇನ್ನೊಮ್ಮೆ ಎಳೆದೆ, ಅದೇ ಕತೆ. ಅಪ್ಪನ ಮುಖ, ಬ್ಯಾಂಕ್ ಪರೀಕ್ಷೆಯ ಗೈಡು, ಎಲ್ಲ ಕಣ್ಣ ಮುಂದೆ ಬಂತು. ಒಳಗೆ ಬೆರಳಿಟ್ಟು ನೋಡಿದರೆ ಮೇಣದಂಥದ್ದೇನೋ ಬೆಳ್ಳಗೆ ಅಂಟಿತು. ಮೂಸಿದೆ.

ಬೆರಳನ್ನು ಪಕ್ಕದಲ್ಲಿದ್ದ ಮಾವನ ಮೂಗಿನ ಮುಂದೆ ಹಿಡಿದೆ. ದೆಹಲಿಯಲ್ಲಿ ಮೂವತ್ತು ಚಳಿಗಾಲ ಕಳೆದವರು, ದಿನಾ ಬೆಳಿಗ್ಗೆ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡುತ್ತಿದ್ದವರು! ಅವರ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು.

"ಕೋವಿದೇನೂ ತಪ್ಪಿಲ್ಲ," ಎಂದರು. "ಎಲ್ಲ ಪರೀಕ್ಷೆ ಮಾಡಿದೆ. ನನ್ನನ್ನೊಬ್ಬನನ್ನು ಬಿಟ್ಟೆ."

ಅಷ್ಟೇ ಹೇಳಿ ಕೆಲಸಕ್ಕಿಳಿದರು. ಗಂಟಲಿಗೆಂದು ತಂದಿದ್ದ ಬಿಸಿನೀರಿನ ಫ್ಲಾಸ್ಕಿತ್ತು, ಕತ್ತಿನಲ್ಲಿ ಮಫ್ಲರಿತ್ತು. ರೇಂಜ್ ಅಧಿಕಾರಿಯ ಎದುರಿನಲ್ಲೇ ನಾನು ಬೋಲ್ಟ್ ಬಿಚ್ಚಿದೆ. ಮಾವ ಮಫ್ಲರಿನ ಒಂದು ತುದಿಯನ್ನು ಬಿಸಿನೀರಲ್ಲಿ ಅದ್ದಿ ಕೊಟ್ಟರು, ಒರೆಸಿದೆ. ಇನ್ನೊಂದು ತುದಿಯಿಂದ ಒಣಗಿಸಿದೆ. ಸುತ್ತಲಿದ್ದವರಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಡಿದು ನಗು ಬಂದಿತ್ತು. ಬಂದೂಕಿಗೆ ತಲೆಗೆ ಎರೆದಿದ್ದಾರೆ ಎಂದು ಯಾರೋ ಹಿಂದಿಯಲ್ಲಿ ಹೇಳಿದರು. ಮತ್ತೆ ಜೋಡಿಸಿ ಎಳೆದು ಬಿಟ್ಟೆ. ಕಟಕ್. ಆ ಸದ್ದಿನಷ್ಟು ಹಿತವಾದ ಸದ್ದನ್ನು ನಾನು ಬೇರೆ ಕೇಳಿಲ್ಲ. ಒಂದು ಹನಿ ಎಣ್ಣೆಯಿಲ್ಲದೆ, ಒಣ ಬಂದೂಕಿನಲ್ಲೇ ನಿಂತು ಹೊಡೆದೆ. ಅಂದು ಅದು ಒಮ್ಮೆಯೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಸಂಜೆ ತಂಡದ ಹೆಸರು ಓದಿದಾಗ ನನ್ನದು ಕೊನೆಯದಾಗಿತ್ತು, ಆದರೆ ಇತ್ತು.

ಅಪ್ಪ ಮಾತಿಗೆ ತಪ್ಪಲಿಲ್ಲ. ಕೆಲವು ವರ್ಷ ಆಡಿದೆ, ಅದೇ ಆಟದಿಂದ ಕೆಲಸವೂ ಸಿಕ್ಕಿತು, ಮದುವೆಯಾಗಿ ದೆಹಲಿ ದಾಟಿ ಈ ತುದಿಗೆ ಬಂದೆ. ಜನಕಪುರಿಗೆ ಹೋದಾಗಲೆಲ್ಲ ಮಾವನ ಜೊತೆ ಸಂಜೆಯ ಒಂದು ಸುತ್ತು ಇದ್ದದ್ದೇ. ಹಾಲಿನ ಬೂತಿನವರೆಗೂ ಹೋಗಿ, ದಾರಿಯಲ್ಲಿ ಯಾರ ಮನೆಯ ಗೇಟು ಯಾವಾಗ ಕಳಚಿ ಬೀಳುತ್ತದೆಂದು ಭವಿಷ್ಯ ಹೇಳಿ ಬರುತ್ತಿದ್ದರು. ಒಂದು ದೀಪಾವಳಿಗೆ ಹೋದಾಗ ಪಾರ್ಕಿನ ಹತ್ತಿರವೇ ಹಿಂದಕ್ಕೆ ತಿರುಗಿದರು, ಮಾತಿಗೆ ಇಷ್ಟು ದಾರಿ ಸಾಕು ಎಂದರು. ಮುಂದಿನ ಸಲ ಬೇವಿನ ಮರದವರೆಗೆ. ಅದರ ಮುಂದಿನ ಸಲ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಜೊತೆಯಲ್ಲೇ ಇದ್ದ ಮಗ, ಸೊಸೆ, ಚಳಿಗೆ ಹಾಗೆ ಎಂದರು. ದಿನಾ ನೋಡುವವರಿಗೆ ಅದು ಕಾಣುವುದಿಲ್ಲ. ನನಗೆ ಕಂಡಿತು. ಖಾಲಿ ಕಾಡತೂಸುಗಳು ಬೂಟಿನ ಪಕ್ಕಕ್ಕೆ ಬಂದಿದ್ದವು...

ಮಗನನ್ನು ಬದಿಗೆ ಕರೆದು ಹೇಳಿದೆ, ಡಾಕ್ಟರಿಗೆ ತೋರಿಸಿದರು. ಹೃದಯ ಸೋತಿದೆ, ಮಾಡುವುದು ಹೆಚ್ಚೇನಿಲ್ಲ ಎಂದರಂತೆ. ಆ ಚಳಿಗಾಲವೆಲ್ಲ ನಾನು ಶನಿವಾರ ಬಂತೆಂದರೆ ಜನಕಪುರಿಗೆ ಹೋಗುತ್ತಿದ್ದೆ. ಒಂದು ದಿನ ಅಂಗಳದ ಎಳೆಬಿಸಿಲಿನಲ್ಲಿ, ಪಕ್ಕದಲ್ಲಿ ಎಣ್ಣೆಯ ಬಾಟಲಿಯನ್ನೂ ಬಿಸಿಲಿಗಿಟ್ಟುಕೊಂಡು ಕೂತಿದ್ದ ಮಾವ, ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ನಿಂಗೆ ಗೊತ್ತಾಗಿದೆ, ಅಲ್ವಾ?"

"ಗೊತ್ತಾಗಿದೆ ಮಾವ."

"ಹಾಗಾದ್ರೆ ಕಲಿಸಿದ್ದು ದಂಡ ಆಗ್ಲಿಲ್ಲ ಬಿಡು."

ಎಂದು ತೃಪ್ತಿಯಿಂದ ಕಣ್ಣು ಮುಚ್ಚಿಕೊಂಡರು. ನಾನು ಅತ್ತದ್ದು ಅವರಿಗೆ ಕಾಣಲಿಲ್ಲ, ಅಥವಾ ಕಂಡರೂ ಕಾಣದಂತಿದ್ದರು. ಹೋಳಿ ಹಬ್ಬಕ್ಕೆ ಮೊದಲೇ ಹೋದರು.

ಈಗ ಫ್ರಿಡ್ಜೋ ಗೀಸರೋ ಕೊಳ್ಳುವಾಗ, ಇದು ಕೆಟ್ಟರೆ ಹೇಗೆ ಕೆಡುತ್ತದೆ ಎಂದು ನಾನೂ ಕೇಳುತ್ತೇನೆ. ಅಂಗಡಿಯ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ, ಮಗಳು ನಾಚಿಕೊಂಡು ದೂರ ಹೋಗಿ ನಿಲ್ಲುತ್ತಾಳೆ. ನಾನು ಆರಿಸಿದ್ದು ಇದುವರೆಗೂ ತಪ್ಪಿಲ್ಲ.

ಮೊನ್ನೆ ಮಧ್ಯಾಹ್ನದ ಹೊತ್ತಿಗೆ ಬಾಲ್ಕನಿಗೆ ಬಿಸಿಲು ಬಂತು. ಎಣ್ಣೆ ಅಂಚಿನಿಂದ ಕರಗುತ್ತಾ ಬಂದು ನಡುವೆ ಬಿಳಿಯ ಗಟ್ಟಿ ಒಂದೇ ಉಳಿದಿತ್ತು. ಅದನ್ನು ನೋಡುತ್ತಾ ನಿಂತೆ. ಮಾವ ಹೇಳಿಯೇ ಕೈ ಕೊಟ್ಟರು. ಹೇಳಿದರೆ ಸಿದ್ಧವಾಗಿರಬಹುದು ಎಂದಿದ್ದರೇ ಹೊರತು, ನೋವು ಕಡಿಮೆಯಾಗುತ್ತದೆ ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಕಡಿಮೆಯೇನೂ ಆಗಿಲ್ಲ.