ಟೀಚರಮ್ಮ ಓದಿದ ಕೊನೆಯ ಪುಟ

ಮೊನ್ನೆ ಚೀಲದಿಂದ ಅವರೆಕಾಯಿ ಸುರಿದೆ ನೋಡಿ, ಆ ಸೊಗಡಿಗೆ ಜಯನಗರದ ನಮ್ಮ ಹಳೆಯ ಬಾಡಿಗೆ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಮದುವೆಯಾಗಿ ಬಂದವಳು. ಒಂದೇ ಕಾಂಪೌಂಡಿನಲ್ಲಿ ನಾಲ್ಕು ಸಂಸಾರ. ಮೂಲೆಮನೆಯಲ್ಲಿ ನಿವೃತ್ತರಾದ ಟೀಚರಮ್ಮ ಒಬ್ಬರೇ ಇದ್ದರು.

ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನವೆಲ್ಲ ನಾವು ಹೆಂಗಸರು ಜಗಲಿಯಲ್ಲಿ ಕೂತು ಕಾಯಿ ಬಿಡಿಸುವುದು, ಟೀಚರಮ್ಮ ಪತ್ತೇದಾರಿ ಕಥೆ ಓದುವುದು. ಕೈಗೆ ಸೊಗಡು ಹತ್ತಿದರೆ ಪುಸ್ತಕ ಹಾಳಾಗುತ್ತದೆಂದು ಅವರಿಗೆ ಬಿಡಿಸುವ ಕೆಲಸವಿಲ್ಲ; ಅವರ ಪಾಲಿನ ಕಾಳು ನಾವೇ ಕೊಡುತ್ತಿದ್ದೆವು. ಕೊಲೆಗಾರ ಯಾರೆಂದು ನಾವು ಬಡಬಡಿಸಿದರೆ, ಅದು ಪೊಲೀಸರಿಗಿರಲಿ, ಅವನ ಮನಸ್ಸಿನಲ್ಲಿ ಏನಿತ್ತು ಹೇಳಿ ಎಂದು ಹಾಳೆ ತಿರುವದೆ ಕೂತುಬಿಡುವರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಕಾಟವೇ ಒಂದು ರುಚಿ.

ಬಿಳೇಕಹಳ್ಳಿಯಿಂದ ಬರುತ್ತಿದ್ದ ಹಾಲಿನಮ್ಮನೂ ಒಂದು ವರ್ಷ ಮಧ್ಯಾಹ್ನದ ಹಾಲು ಹಾಕಿ ನಮ್ಮ ಜೊತೆ ಕೂರತೊಡಗಿದಳು. ಓದು ಬಾರದು, ಮಾತೂ ಕಡಿಮೆ.

ಒಂದು ದಿನದ ಕಥೆಯಲ್ಲಿ ಒಬ್ಬ ಸಿಟ್ಟಿನ ಭರದಲ್ಲಿ ದಾಯಾದಿಯನ್ನು ಕೊಂದು, ಸತ್ತವನ ಚಪ್ಪಲಿಯನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒದ್ದಾಡಿ, ಕೊನೆಗೆ ತಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ. ಕೊನೆಯ ಪುಟಕ್ಕೆ ಬಂದಾಗ ಟೀಚರಮ್ಮ ಕೆಮ್ಮಿದರು, ನೀರು ಕುಡಿದರು… ಮತ್ತೆ ಓದಿದರು. ಅವನ ಸಂಕಟ ನೋಡಿ ಜಡ್ಜಿ ಗಲ್ಲು ತಪ್ಪಿಸಿದನಂತೆ, ಅವನು ಜೈಲು ಮುಗಿಸಿ ಮನೆಗೆ ಬಂದನಂತೆ, ಅವ್ವ ಮುದ್ದೆ ಬಡಿಸಿದಳಂತೆ.

ಇದೆಂಥ ಸಪ್ಪೆ ಮುಕ್ತಾಯ ಎಂದು ನನಗೆ ರೇಗಿತು. ಸಂಜೆ ಪುಸ್ತಕ ಇಸಿದುಕೊಂಡು ನೋಡಿದರೆ ಅವನನ್ನು ಗಲ್ಲಿಗೇರಿಸಿಬಿಟ್ಟಿದ್ದಾರೆ. ಮುದ್ದೆಯೂ ಇಲ್ಲ, ಅವ್ವನೂ ಇಲ್ಲ. ದಡದಡ ಹೋಗಿ ಕೇಳಿದೆ. ಟೀಚರಮ್ಮ ಬಾಗಿಲು ಮುಂದೆ ಮಾಡಿ ವಿಷಯ ಹೇಳಿದರು. ಹಾಲಿನಮ್ಮನ ಒಬ್ಬನೇ ಮಗ ಜಮೀನಿನ ಜಗಳದಲ್ಲಿ ದಾಯಾದಿಯನ್ನು ಕೊಂದಿದ್ದ. ಗಲ್ಲಿನ ಶಿಕ್ಷೆಯಾಗಿತ್ತು. ಅಪೀಲು ಹೈಕೋರ್ಟಿನಲ್ಲಿತ್ತು. ಅವಳು ಅದನ್ನು ಟೀಚರಮ್ಮನೊಬ್ಬರಿಗೇ ಹೇಳಿಕೊಂಡಿದ್ದಳು.

‘ಕಥೆ ಅಲ್ಲಿಗೆ ಹೋಗತ್ತೆ ಅಂತ ನಂಗೇನು ಗೊತ್ತಿತ್ತು? ಅವಳೆದುರಿಗೆ ಅದನ್ನ ಹೇಗಮ್ಮ ಓದ್ಲಿ?’ ಅಂದರು.

ಆಮೇಲೆ ಅವರ ನೆಮ್ಮದಿಯೇ ಹೋಯಿತು. ಇಲ್ಲದ ಆಸೆ ಹುಟ್ಟಿಸಿದೆನಲ್ಲ, ನಾಳೆ ಗಲ್ಲೇ ಖಾಯಂ ಆದರೆ ಆ ತಾಯಿಗೆ ಯಾವ ಮುಖ ತೋರಿಸಲಿ ಎಂದು ಕೊರಗಿದರು. ಹಾಲಿನಮ್ಮ ಗೇಟು ತೆಗೆದ ಸದ್ದಾದರೆ ಒಳಗೆ ಹೋಗಿಬಿಡುತ್ತಿದ್ದರು. ಪಾಪ, ಅಷ್ಟು ಗಟ್ಟಿ ಹೆಂಗಸು…

ಕಡೆಗೂ ತೀರ್ಪು ಬಂತು. ಗಲ್ಲು ಹೋಗಿ ಜೀವಾವಧಿಯಾಯಿತು. ಹಾಲಿನಮ್ಮ ಮೂಲೆಮನೆಗೆ ಗಿಣ್ಣುಹಾಲು ತಂದಳು. ಟೀಚರಮ್ಮ ಸುಮ್ಮನೆ ಇಸಿದುಕೊಳ್ಳಬಹುದಿತ್ತು. ಅವರು ಅಂಥವರಲ್ಲ. ಪುಸ್ತಕದಲ್ಲಿ ಹಾಗಿರಲಿಲ್ಲ, ನಾನೇ ಕಟ್ಟಿ ಹೇಳಿದೆ, ಕ್ಷಮಿಸು ಎಂದು ಅವಳ ಕೈ ಹಿಡಿದುಕೊಂಡರು.

‘ಗೊತ್ತಿತ್ತು ಕಣ್ರಮ್ಮ,’ ಅಂದಳು ಹಾಲಿನಮ್ಮ. ‘ನೀವು ಪುಸ್ತಕ ಎಲ್ಲಿ ನೋಡಿದ್ರಿ, ನನ್ ಮುಖ ನೋಡ್ಕೊಂಡು ಓದಿದ್ರಿ. ಅವತ್ತು ರಾತ್ರಿ ಹೊಟ್ಟೆ ತುಂಬಾ ಉಂಡೆ.’

ಇಬ್ಬರೂ ಅತ್ತರು. ನಾನೂ ಅತ್ತೆ.

ಎಷ್ಟೋ ವರ್ಷದ ಮೇಲೆ ಮಗ ಬಿಡುಗಡೆಯಾದ. ಅಷ್ಟರಲ್ಲಿ ಹಾಲಿನಮ್ಮ ನಮ್ಮ ಕಡೆ ಹಾಲು ತರುವುದು ಬಿಟ್ಟು ಬಹಳ ಕಾಲವಾಗಿತ್ತು; ನಾವಿನ್ನೂ ಆ ಮನೆಯಲ್ಲೇ ಇದ್ದೆವು. ಟೀಚರಮ್ಮನಿಗೆ ತೋರಿಸಬೇಕೆಂದು ಅವನನ್ನು ಕರೆದುಕೊಂಡು ಬಂದಳು. ಮೂಲೆಮನೆಯಲ್ಲಿ ಬೇರೆ ಯಾರೋ ಇದ್ದರು. ಟೀಚರಮ್ಮ ತೀರಿಕೊಂಡ ಸುದ್ದಿ ನಾನೇ ಹೇಳಬೇಕಾಯಿತು. ಅವನು ತಲೆ ತಗ್ಗಿಸಿ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ. ಈಗ ಹಾಲಿನಮ್ಮನೂ ಇಲ್ಲ. ಅವನನ್ನು ಟೀಚರಮ್ಮ ಒಂದು ಸಲ ಕಣ್ಣಾರೆ ನೋಡಬೇಕಿತ್ತು. ಆ ಸಂಕಟ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ.