ಸರಿಯಾದ ತಿಂಗಳು ಕೇಳುವ ಶಿವಲಿಂಗಮ್ಮ

ಬೆಳಗಿನ ಆರು ಗಂಟೆ. ಚೆನ್ನೈ ಟಿ. ನಗರದ ಹೆರಿಗೆ ಆಸ್ಪತ್ರೆಯೊಂದರ ಮೊದಲ ಮಹಡಿಯಲ್ಲಿ ಆಯಾ ಶಿವಲಿಂಗಮ್ಮ ನೆಲ ಒರೆಸುತ್ತಿದ್ದಾರೆ. ಏಳನೆಯ ಹಾಸಿಗೆಯ ಬಳಿ ಬಂದಾಗ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಅಲ್ಲಿರುವ ಎರಡು ಸ್ಟೀಲ್ ಬಟ್ಟಲುಗಳನ್ನು ನೋಡುತ್ತಾರೆ. ಒಂದರ ತುಂಬ ಹುಣಸೆಬೀಜ, ಇನ್ನೊಂದರಲ್ಲಿ ಎರಡೇ. ಬಸುರಿ ತನ್ನ ಹೊಟ್ಟೆ ಬಿಗಿಯಾದಾಗಲೆಲ್ಲ ಒಂದು ಬೀಜವನ್ನು ಆಚೆಯ ಬಟ್ಟಲಿಗೆ ಹಾಕಬೇಕು. ಒಂದು ಗಂಟೆಯಲ್ಲಿ ನಾಲ್ಕಾದರೆ ಕೂಡಲೇ ನರ್ಸನ್ನು ಕರೆಯಬೇಕು.

ಹಾಸಿಗೆಯಲ್ಲಿರುವ ಭಾವನಾ ಎಡಮಗ್ಗುಲಿಗೆ ಮಲಗಿದ್ದಾರೆ. ಎರಡು ವರ್ಷದ ಹಿಂದೆ, 2002ರಲ್ಲಿ, ಅವರ ಮೊದಲ ಮಗು ಎಂಟನೆಯ ತಿಂಗಳಲ್ಲೇ ಹುಟ್ಟಿ ಉಳಿಯಲಿಲ್ಲ. ಈಗ ಮತ್ತೆ ಎಂಟು. ಏಳರಲ್ಲಿ ಹುಟ್ಟಿದ ಕೂಸು ಬದುಕಿದರೂ ಎಂಟರದ್ದು ಬದುಕದೆಂಬ ನಂಬಿಕೆ ಅವರ ಮನೆಯಲ್ಲಿ ಗಟ್ಟಿಯಾಗಿದೆ. ಹೊಟ್ಟೆಯಲ್ಲಿ ಕಳೆದ ಒಂದೊಂದು ದಿನವೂ ಲಾಭವೇ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಆದರೂ ಭಾವನಾ ನಿದ್ದೆ ಮಾಡುತ್ತಿಲ್ಲ.

“ಏನೂ ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ ಆಯಮ್ಮ,” ಎನ್ನುತ್ತಾರೆ.

“ಅದು ನಂಗೊತ್ತಿಲ್ಲ ಕಣ್ಣು. ರಾತ್ರಿಯೆಲ್ಲ ಎರಡೇ ಬೀಜ. ಅದು ಗೊತ್ತು.”

ಐವತ್ತೇಳು ವರ್ಷದ ಶಿವಲಿಂಗಮ್ಮ ಕೊಳ್ಳೇಗಾಲದ ಕಡೆಯವರು. ಮದುವೆಯಾಗಿ ಮದರಾಸಿಗೆ ಬಂದು, ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದರು. ಇಪ್ಪತ್ತೆರಡು ವರ್ಷವಾಗಿದೆ; ಬಸುರಿಯರನ್ನು ತಮಿಳರಂತೆ ‘ಕಣ್ಣು’ ಎಂದೇ ಮುದ್ದಾಗಿ ಕರೆಯುತ್ತಾರೆ. ಮಾಧವರಂನಿಂದ ದಿನಕ್ಕೆ ಎರಡು ಬಸ್ಸು ಬದಲಿಸಿ ಬರುತ್ತಾರೆ. ಹನ್ನೊಂದು ಹಾಸಿಗೆ, ಇಪ್ಪತ್ತು ಕೊಡ ಬಿಸಿನೀರು, ಮಂಡಿನೋವು. ದಿನದ ಲೆಕ್ಕ ಇಷ್ಟೇ.

ಬಸುರಿ-ಬಾಣಂತಿಯರ ನಂಬಿಕೆಗಳನ್ನು ಸಂಗ್ರಹಿಸುತ್ತಿರುವ ನಾನು, ಬಸುರಿಯ ತಿಂಗಳನ್ನು ಹೊರಗಿನವರಿಗೆ ಸರಿಯಾಗಿ ಹೇಳಬಾರದೆಂಬ ಪದ್ಧತಿಯನ್ನು ನಾಲ್ಕು ಮನೆತನಗಳ ಹಿರಿಯರಿಂದ ಕೇಳಿ ಬರೆದುಕೊಂಡಿದ್ದೇನೆ. ಕೆಲವರು ಒಂದು ತಿಂಗಳು ಇಳಿಸುತ್ತಾರೆ, ಕೆಲವರು ಏರಿಸುತ್ತಾರೆ. ಹಾಗೆ ಮಾಡಿದರೆ ದೃಷ್ಟಿ ದಾರಿ ತಪ್ಪುತ್ತದಂತೆ. ಆ ಪದ್ಧತಿಯ ಇನ್ನೊಂದು ಮುಖವನ್ನು ತೋರಿಸಿದವರು ಶಿವಲಿಂಗಮ್ಮ. 1998ರ ಒಂದು ಮುಂಜಾನೆ ಜಯಲಕ್ಷ್ಮೀ ಎಂಬ ಹೆಣ್ಣುಮಗಳು ನೋವೆಂದು ಬಂದಳು. ಗಾಬರಿಯಲ್ಲಿ ಆಸ್ಪತ್ರೆಯ ಚೀಟಿ ಮನೆಯಲ್ಲೇ ಉಳಿದಿತ್ತು. ಎಷ್ಟು ತಿಂಗಳೆಂದು ಬಾಗಿಲಲ್ಲೇ ಇವರು ಕೇಳಿದರು.

“ಅವಳತ್ತೆ ಒಂಬತ್ತು ಅಂದ್ರು. ನಾನು ನಂಬಿದೆ. ನಡೀ ಕಣ್ಣು, ನೋವು ಬಲೀಲಿ ಅಂತ ವರಾಂಡದಲ್ಲಿ ನಡೆಸಿದೆ. ಅರ್ಧ ಗಂಟೆ ನಡೆಸಿದೆ.”

ನಿಜಕ್ಕೂ ಆಗಿದ್ದದ್ದು ಏಳೂವರೆ ತಿಂಗಳು. ಮಗು ಎರಡು ದಿನ ಮಾತ್ರ ಇತ್ತು. ಮೊದಲೇ ತಮ್ಮನ್ನು ಕರೆದಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದೆಂದು ಡಾಕ್ಟರು ಸಮಾಧಾನ ಮಾಡಿದ್ದರಂತೆ. ಇವರು ಅದನ್ನು ಒಪ್ಪಿಲ್ಲ. “ಸುಳ್ಳು ಅವಳತ್ತೇದು. ಆ ಅರ್ಧ ಗಂಟೆ ನಂದು.”

ಅಂದಿನಿಂದ ಯಾರನ್ನೂ ತಾವಾಗಿ ನಡೆಸಿಲ್ಲ, ಯಾರಿಗೂ ಏನೂ ಆಗಲ್ಲವೆಂದು ಹೇಳಿಲ್ಲ. ಹುಣಸೆಬೀಜದ ಬಟ್ಟಲು ಬಂದದ್ದೂ ಆಮೇಲೆಯೇ. ಭಾವನಾರ ಅತ್ತೆ ಗೋದಾಬಾಯಿ ಪಕ್ಕದ ಹಾಸಿಗೆಯವರಿಗೆ ಸೊಸೆಗೆ ಈಗಷ್ಟೇ ಆರು ತುಂಬಿತೆಂದು ಹೇಳುತ್ತಿದ್ದುದು ಇವರ ಕಿವಿಗೆ ಬಿದ್ದಿತ್ತು. “ಊರಿಗೆಲ್ಲ ಆರು ಅನ್ನಿ, ಮೂರು ಅನ್ನಿ, ಬಸುರೇ ಇಲ್ಲ ಅನ್ನಿ. ನನ್ನ ಕಿವೀಲಿ ಮಾತ್ರ ಸರಿಯಾಗಿ ಹೇಳ್ಬಿಡಿ ಅಮ್ಮಾ,” ಎಂದರಂತೆ. ಗೋದಾಬಾಯಿ ಮುಖ ಊದಿಸಿಕೊಂಡರೂ ಬಗ್ಗಿ ಕಿವಿಯಲ್ಲಿ ಹೇಳಿದರು.

ಮೊನ್ನೆ ಮಂಗಳವಾರ ಮಧ್ಯಾಹ್ನ ಆಚೆಯ ಬಟ್ಟಲಿಗೆ ಒಂದು ಗಂಟೆಯೊಳಗೆ ನಾಲ್ಕು ಬೀಜ ಬಿದ್ದವು. ಶಿವಲಿಂಗಮ್ಮ ಊಟದ ಡಬ್ಬಿ ಬಿಟ್ಟು ಓಡಿದರು. ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು; ಸಂಜೆಗೆ ನೋವು ಇಳಿಯಿತು. ಒಂಬತ್ತು ಇನ್ನೂ ಹನ್ನೆರಡು ದಿನ ದೂರವಿದೆ.

ಮುಂದಿನ ವರ್ಷ ಶಿವಲಿಂಗಮ್ಮ ಕೆಲಸ ಬಿಡುತ್ತಾರೆ. ಆಸ್ಪತ್ರೆಯಿಂದ ಏನು ಕೇಳುತ್ತೀರೆಂದರೆ ಬಲಗೋಡೆಯ ಗಡಿಯಾರ ತೋರಿಸುತ್ತಾರೆ. ಎಡಮಗ್ಗುಲಿಗೆ ಮಲಗಿದವರ ಬೆನ್ನ ಹಿಂದಿದೆ ಅದು. ಬೀಜದ ಗಂಟೆಲೆಕ್ಕ ತಪ್ಪದಿರಲೆಂದು ಅರ್ಧರ್ಧ ಗಂಟೆಗೊಮ್ಮೆ ಇವರೇ ಬಂದು ಹೊತ್ತು ಹೇಳಿಹೋಗುತ್ತಾರೆ.

“ಅದನ್ನ ಈ ಕಡೆ ಗೋಡೆಗೆ ಹಾಕಿದ್ರೆ ಸಾಕು. ನಾನಿಲ್ಲದ ದಿನವೂ ಅವರಿಗೆ ಕಾಣ್ಲಿ.”